ದಡಾರವನ್ನು ಮುಂದಿಟ್ಟುಕೊಂಡು ಸೋಂಕು ಮತ್ತು ಲಸಿಕೆಯ ಪಾಠ

ವಿಜ್ಞಾನದ ಪುಸ್ತಕಗಳಲ್ಲಿ ಸಾಂಕ್ರಾಮಿಕ ರೋಗಗಳ ಪಾಠವು ಬಹುಮಟ್ಟಿಗೆ ಒಂದು ಕೋಷ್ಟಕದಲ್ಲಿ ಮುಗಿಯುತ್ತದೆ. ರೋಗದ ಹೆಸರು, ರೋಗಾಣು, ಹರಡುವ ಬಗೆ, ತಡೆಯುವ ಉಪಾಯ ಎಂಬ ನಾಲ್ಕು ಮನೆಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಸರಿಯುತ್ತರ ಬರೆದು ಅಂಕವನ್ನೂ ಪಡೆಯುತ್ತಾರೆ. ಆದರೆ ಆ ಕೋಷ್ಟಕವನ್ನು ಕಲಿತ ಏಳನೆಯ ತರಗತಿಯ ಹುಡುಗಿಯ ಮನೆಯಲ್ಲಿ ಪುಟ್ಟ ತಮ್ಮನಿಗೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದರೆ ಅವಳು ಅಜ್ಜಿಗೆ ಏನು ಹೇಳಬಲ್ಲಳು? ಕೋಷ್ಟಕದಲ್ಲಿ ಅದಕ್ಕೆ ಉತ್ತರವಿಲ್ಲ. ರೋಗವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬಗೆ ಮನಸ್ಸಿನಲ್ಲಿ ಸ್ಪಷ್ಟವಾದ ಮೇಲೆ ಲಸಿಕೆ ಏಕೆ ಬೇಕು ಎಂಬುದನ್ನು ಬೇರೆಯಾಗಿ ಬೋಧಿಸಬೇಕಾಗುವುದಿಲ್ಲ. ವಿದ್ಯಾರ್ಥಿಯೇ ಆ ಮಾತಿಗೆ ಬಂದು ಮುಟ್ಟುತ್ತಾನೆ. ಆದ್ದರಿಂದ ಹತ್ತು ರೋಗಗಳನ್ನು ಒಂದೇ ಅವಧಿಯಲ್ಲಿ ಹೇಳಿ ಮುಗಿಸುವುದಕ್ಕಿಂತ ಒಂದನ್ನೇ ಹಿಡಿದು ಮೂರು ನಾಲ್ಕು ಅವಧಿಗಳ ಕಾಲ ಪಾಠ ಮಾಡುವುದು ಲೇಸು. ಅದಕ್ಕೆ ದಡಾರವು ಎಲ್ಲ ರೀತಿಯಿಂದಲೂ ತಕ್ಕ ರೋಗವಾಗಿದೆ.

ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಈ ಪಾಠದ ಮೊದಲ ತೊಡಕು ಹೆಸರಿನದು. ಪುಸ್ತಕದಲ್ಲಿ ‘ದಡಾರ’ ಎಂದಿರುತ್ತದೆ. ಮನೆಮಾತಿನಲ್ಲಿ ಅದಕ್ಕೆ ‘ಗೊಬ್ಬರ’ ಎನ್ನುವವರಿದ್ದಾರೆ. ಹೊಲಕ್ಕೆ ಹಾಕುವ ಗೊಬ್ಬರವಲ್ಲದೆ ಇನ್ನೊಂದನ್ನು ಅರಿಯದ ಮಗು ಇದರಿಂದ ಗೊಂದಲಕ್ಕೆ ಬೀಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಮರಾಠಿಯಲ್ಲಿ ‘ಗೋವರ’ ಎಂದು ಬರೆದಿರುತ್ತದೆ. ಲಸಿಕೆಯ ಕಾರ್ಡಿನಲ್ಲಿ ‘ಎಂ.ಆರ್.’ ಎಂಬ ಎರಡಕ್ಷರ ಮಾತ್ರ ಇರುತ್ತದೆ. ಅದು ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆ. ಹಿರಿಯರು ಇವಾವುದನ್ನೂ ಬಳಸದೆ ‘ಅಮ್ಮ ಬಂದಾಳ’ ಎಂದೋ ‘ದೇವಿ’ ಎಂದೋ ಹೇಳುತ್ತಾರೆ. ಈ ಐದು ಹೆಸರುಗಳೂ ಒಂದೇ ರೋಗವನ್ನು ಸೂಚಿಸುತ್ತವೆ ಎಂದು ತಿಳಿಯದ ವಿದ್ಯಾರ್ಥಿಗೆ ಶಾಲೆಯ ಪಾಠ ಶಾಲೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಶಿಕ್ಷಕರು ಮೊದಲು ಕಪ್ಪುಹಲಗೆಯ ಮೇಲೆ ಇವೆಲ್ಲವನ್ನೂ ಸಾಲಾಗಿ ಬರೆದು, ಮನೆಯಲ್ಲಿ ಬಳಸುವ ಹೆಸರನ್ನು ಮಕ್ಕಳಿಂದಲೇ ಹೇಳಿಸಬೇಕು. ‘ಅಮ್ಮ’ ಎಂಬ ಮಾತು ನೀರುಗುಳ್ಳೆಯ ಸೀತಾಳೆ ಸಿಡುಬಿಗೂ, ಅಂದರೆ ಮರಾಠಿಯವರ ‘ಕಾಂಜಿಣ್ಯಾ’ಕ್ಕೂ ಸಲ್ಲುತ್ತದೆ ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ದಡಾರದಲ್ಲಿ ನೀರು ತುಂಬಿದ ಗುಳ್ಳೆಗಳಿರುವುದಿಲ್ಲ. ಜ್ವರ, ಕೆಮ್ಮು, ನೆಗಡಿ, ಕೆಂಪಾದ ಕಣ್ಣು ಮೊದಲು ಕಾಣಿಸಿ, ಮೂರು ನಾಲ್ಕು ದಿನಗಳ ಮೇಲೆ ಮುಖದಿಂದ ಕೆಳಗಿಳಿಯುತ್ತ ಕೆಂಪು ದದ್ದು ಏಳುತ್ತದೆ.

ದೇವಿಯ ನಂಬಿಕೆಯನ್ನು ತರಗತಿಯಲ್ಲಿ ಹಳಿಯುವುದರಿಂದ ಪ್ರಯೋಜನವಿಲ್ಲ. ಹಳಿದರೆ ಮಗುವು ಪುಸ್ತಕ ಮತ್ತು ಅಜ್ಜಿ ಇವರಿಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಾಗುತ್ತದೆ. ಅಜ್ಜಿಯನ್ನು ಬಿಡುವ ಮಗು ವಿರಳ. ಮನೆಯ ಆಚರಣೆಯಲ್ಲಿ ಕೆಲವು ಅಂಶಗಳು ಪಾಠಕ್ಕೆ ನೆರವಾಗುವಂಥವೇ ಆಗಿವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗೆ ಹೊರಗಿನವರು ಹೋಗುವುದಿಲ್ಲ, ಮಗುವನ್ನು ಹೊರಗೆ ಬಿಡುವುದಿಲ್ಲ. ರೋಗಿಯನ್ನು ಪ್ರತ್ಯೇಕವಾಗಿಡುವುದು ಎಂದು ಪುಸ್ತಕ ಹೇಳುವುದೂ ಇದನ್ನೇ. ತಿದ್ದಬೇಕಾದುದು ಬೇರೆಡೆ ಇದೆ. ಅಮ್ಮ ಬಂದಾಗ ಆಸ್ಪತ್ರೆಗೆ ಒಯ್ಯಬಾರದು, ಊಟ ಕಡಿಮೆ ಮಾಡಬೇಕು ಎಂಬ ಕಟ್ಟಳೆಗಳು ಅಪಾಯಕರವಾದವು. ದಡಾರದಿಂದ ಮಕ್ಕಳು ಸಾಯುವುದು ದದ್ದಿನಿಂದಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾ ಮತ್ತು ಭೇದಿಯಿಂದ. ಮೊದಲೇ ಸೊರಗಿದ ಮಗುವಿನಲ್ಲಿ ಕಣ್ಣೇ ಹೋಗಬಹುದು. ಅದಕ್ಕಾಗಿಯೇ ದಡಾರವಾದ ಮಗುವಿಗೆ ಆರೋಗ್ಯ ಕೇಂದ್ರದಲ್ಲಿ ‘ಎ’ ಜೀವಸತ್ವವನ್ನು ಕೊಡುತ್ತಾರೆ. ದೇವಿಗೆ ಕೈಮುಗಿಯುವುದಕ್ಕೂ ಮಗುವನ್ನು ವೈದ್ಯರಿಗೆ ತೋರಿಸುವುದಕ್ಕೂ ವಿರೋಧವಿಲ್ಲ ಎಂಬ ಮಾತನ್ನು ಶಿಕ್ಷಕರು ಸಮಾಧಾನದಿಂದ ಹೇಳಿದರೆ ಅದು ಮನೆಯವರೆಗೆ ತಲಪುತ್ತದೆ.

ಹರಡುವ ಬಗೆಯನ್ನು ತೋರಿಸಲು ಒಂದು ಊದುಬತ್ತಿ ಸಾಕು. ವಿದ್ಯಾರ್ಥಿಗಳು ಹೊರಗಿರುವಾಗ ಕಿಟಕಿಗಳನ್ನು ಮುಚ್ಚಿದ ಕೋಣೆಯ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿ, ಕೆಲವು ನಿಮಿಷಗಳ ಮೇಲೆ ಅದನ್ನು ಆರಿಸಿ ಹೊರಗೆ ಒಯ್ಯಬೇಕು. ಆಮೇಲೆ ಒಳಗೆ ಬಂದವರೆಲ್ಲರಿಗೂ ವಾಸನೆ ಬರುತ್ತದೆ, ಬತ್ತಿ ಮಾತ್ರ ಕಾಣುವುದಿಲ್ಲ. ದಡಾರದ ವೈರಸ್ಸು ಹೀಗೆಯೇ ವರ್ತಿಸುತ್ತದೆ. ರೋಗಿ ಕೆಮ್ಮಿದಾಗ, ಸೀನಿದಾಗ, ಉಸಿರಾಡಿದಾಗ ಹೊರಬಿದ್ದ ವೈರಸ್ಸು, ಅವನು ಎದ್ದುಹೋದ ಮೇಲೆಯೂ ಎರಡು ಗಂಟೆಗಳ ಕಾಲ ಆ ಕೋಣೆಯ ಗಾಳಿಯಲ್ಲಿ ಉಳಿದಿರಬಲ್ಲದು. ರೋಗಿಯನ್ನು ಮುಟ್ಟಬೇಕೆಂದಿಲ್ಲ, ಕಣ್ಣಿನಿಂದ ಕಾಣಬೇಕೆಂದೂ ಇಲ್ಲ. ರಕ್ಷಣೆಯಿಲ್ಲದ 10 ಮಂದಿ ರೋಗಿಯೊಡನೆ ಒಂದೇ ಮನೆಯಲ್ಲಿ ಅಥವಾ ಕೋಣೆಯಲ್ಲಿ ಇದ್ದರೆ ಅವರಲ್ಲಿ ಸುಮಾರು 9 ಮಂದಿಗೆ ರೋಗ ತಗಲುತ್ತದೆ. ಇದರ ಬಳಿಕ ಕಿಟಕಿಗಳನ್ನು ತೆರೆಯಿಸಿ ವಾಸನೆ ಕರಗುವುದನ್ನು ಮಕ್ಕಳೇ ಗಮನಿಸುವಂತೆ ಮಾಡಿದರೆ ಗಾಳಿಯಾಡುವ ಕೋಣೆಯ ಬೆಲೆಯೂ ತಿಳಿಯುತ್ತದೆ. ಊದುಬತ್ತಿಯ ಹೊಗೆ ಹೋಲಿಕೆ ಮಾತ್ರ, ವೈರಸ್ಸಿಗೆ ವಾಸನೆ ಇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದು ಅಗತ್ಯ. ಕೆಳಗಿನ ತರಗತಿಗಳಲ್ಲಿ ‘ಕೆಟ್ಟ ವಾಸನೆಯಿಂದ ರೋಗ ಬರುತ್ತದೆ’ ಎಂದು ಮಕ್ಕಳು ಬರೆದುಬಿಡುವ ಸಂಭವವುಂಟು.

ಹರಡುವಿಕೆಯಲ್ಲಿ ಸ್ಥಳದಂತೆ ಕಾಲವೂ ಮುಖ್ಯ. ವೈರಸ್ಸು ಮೈ ಹೊಕ್ಕ ದಿನದಿಂದ ಸುಮಾರು 10 ದಿನಗಳಿಗೆ ಜ್ವರ, ಸುಮಾರು 14 ದಿನಗಳಿಗೆ ದದ್ದು. ರೋಗಿಯು ಇತರರಿಗೆ ರೋಗವನ್ನು ಹಂಚುವ ಕಾಲವು ದದ್ದು ಏಳುವ 4 ದಿನ ಮೊದಲೇ ಆರಂಭವಾಗಿ, ಎದ್ದ ಮೇಲೆ 4 ದಿನಗಳವರೆಗೆ ಇರುತ್ತದೆ. ದದ್ದು ಕಾಣುವ ಮೊದಲಿನ ಆ ನಾಲ್ಕು ದಿನ ಮಗು ಸಾಮಾನ್ಯ ನೆಗಡಿ ಕೆಮ್ಮು ಎಂದುಕೊಂಡು ಶಾಲೆಗೆ ಬಂದು ಬೆಂಚಿನ ಮೇಲೆ ಕುಳಿತಿರುತ್ತದೆ. ದದ್ದು ಎದ್ದ ಮೇಲೆ ಮನೆಗೆ ಕಳಿಸುವುದು ಬೇಕಾದ ಕ್ರಮವೇ. ಆದರೆ ಅಷ್ಟರಲ್ಲಿ ಅರ್ಧ ಕಾಲ ಕಳೆದಿರುತ್ತದೆ. ರೋಗಿಯನ್ನು ದೂರವಿಡುವ ಉಪಾಯವೊಂದರಿಂದಲೇ ದಡಾರವನ್ನು ತಡೆಯಲಾಗದು ಎಂಬುದಕ್ಕೆ ಕಾರಣ ಇದು. ಈ ನಾಲ್ಕು ಸಂಖ್ಯೆಗಳನ್ನು ದಿನದರ್ಶಿಕೆಯ ಒಂದು ಹಾಳೆಯ ಮೇಲೆ ಬಣ್ಣದಿಂದ ಗುರುತು ಹಾಕಿಸಿದರೆ ವಿದ್ಯಾರ್ಥಿಗಳು ಈ ತೀರ್ಮಾನಕ್ಕೆ ತಾವೇ ಬರುತ್ತಾರೆ.

ಈ ದಿನಗಳ ಲೆಕ್ಕವನ್ನು ಮೊದಲು ಖಚಿತವಾಗಿ ಕಂಡವನ ಕಥೆ ತರಗತಿಯಲ್ಲಿ ಹೇಳುವಂಥದು. ಯೂರೋಪಿನ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಫಾರೋ ಎಂಬ ದ್ವೀಪಗಳಿವೆ. 1846ರಲ್ಲಿ ಅಲ್ಲಿದ್ದ ಜನ ಸುಮಾರು 7,800. ಆ ವರ್ಷ ಕೋಪನ್‌ಹೇಗನ್ನಿನಿಂದ ಹಡಗಿನಲ್ಲಿ ಬಂದ ಒಬ್ಬ ಬಡಗಿಯೊಡನೆ ದಡಾರವೂ ಬಂತು. ಕೆಲವೇ ತಿಂಗಳುಗಳಲ್ಲಿ 6,000ಕ್ಕೂ ಮಿಕ್ಕಿದ ಜನ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರಕಾರ ಕಳಿಸಿದ ಪೀಟರ್ ಪಾನುಮ್ ಎಂಬ ತರುಣ ವೈದ್ಯನು ಹಳ್ಳಿಯಿಂದ ಹಳ್ಳಿಗೆ ತಿರುಗಿ, ಯಾರ ಮನೆಗೆ ಯಾವ ದಿನ ಯಾರು ಬಂದರು, ಯಾವ ದಿನ ದದ್ದು ಎದ್ದಿತು ಎಂದು ವಿಚಾರಿಸುತ್ತ ಹೋದನು. ಹಳ್ಳಿಗಳು ಒಂದಕ್ಕೊಂದು ದೂರವಾಗಿ, ಹೋಗಿಬರುವುದು ಕಡಿಮೆಯಾಗಿದ್ದುದರಿಂದ ರೋಗ ಬಂದ ದಾರಿಯನ್ನು ಗುರುತಿಸುವುದು ಸಾಧ್ಯವಾಯಿತು. ಸೋಂಕಿಗೂ ದದ್ದಿಗೂ ನಡುವೆ 13–14 ದಿನಗಳ ಅಂತರವಿದೆಯೆಂಬುದು ಅವನಿಗೆ ತಿಳಿದುದು ಹೀಗೆ. ಅಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ಆ ದ್ವೀಪಗಳಿಗೆ ಹಿಂದೆ ದಡಾರ ಬಂದಿದ್ದುದು 65 ವರ್ಷಗಳ ಕೆಳಗೆ, 1781ರಲ್ಲಿ. ಬಾಲ್ಯದಲ್ಲಿ ಅದನ್ನು ಅನುಭವಿಸಿ ಇನ್ನೂ ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ರೋಗ ಬರಲಿಲ್ಲ. ಅಂದು ತಪ್ಪಿಸಿಕೊಂಡಿದ್ದ ಮುದುಕರಿಗೆ ಬಂತು. ನಡುವಿನ 65 ವರ್ಷ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲವಾದ್ದರಿಂದ, ಮೈ ತಾನು ಒಮ್ಮೆ ಕಂಡ ರೋಗವನ್ನು ಅಷ್ಟು ಕಾಲ ನೆನಪಿಟ್ಟುಕೊಂಡಿತ್ತೆಂದು ಹೇಳದೆ ಗತಿಯಿಲ್ಲ. ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ‘ರೋಗವನ್ನು ಅನುಭವಿಸದೆಯೇ ಮೈಗೆ ಆ ನೆನಪನ್ನು ಕೊಡುವುದು ಹೇಗೆ?’ ಎಂದು ಕೇಳಬೇಕು. ಲಸಿಕೆಯ ಪಾಠ ಆ ಪ್ರಶ್ನೆಯಿಂದ ಆರಂಭವಾಗಲಿ.

ದಡಾರದ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್ಸು. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ದಡಾರವಾದ ಹುಡುಗನೊಬ್ಬನಿಂದ ಪಡೆದ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿ ಬಲಗುಂದಿಸಿದರು. 1963ರಲ್ಲಿ ಲಸಿಕೆ ಬಳಕೆಗೆ ಬಂತು. ‘ರೋಗವನ್ನೇ ಮೈಗೆ ಹಾಕುತ್ತಾರೆ’ ಎಂದು ಹಳ್ಳಿಗಳಲ್ಲಿ ಕೇಳಿಬರುವ ಮಾತು ಪೂರ್ಣ ಸುಳ್ಳಲ್ಲ; ರೋಗದ ಬಲ ತೆಗೆದು ಗುರುತನ್ನು ಮಾತ್ರ ಉಳಿಸಿ ಹಾಕುತ್ತಾರೆ. ಕೆಲವು ಮಕ್ಕಳಿಗೆ ಲಸಿಕೆಯ ಬಳಿಕ ಒಂದು ವಾರದಿಂದ ಹನ್ನೆರಡು ದಿನಗಳೊಳಗೆ ಜ್ವರವೋ ಸಣ್ಣ ದದ್ದೋ ಕಾಣಿಸಿಕೊಂಡು ಇಳಿದುಹೋಗುತ್ತದೆ. ಮೊದಲೇ ತಿಳಿಸಿದ್ದರೆ ಮನೆಯವರು ಹೆದರುವುದಿಲ್ಲ; ತಿಳಿಸದಿದ್ದರೆ ಎರಡನೆಯ ಸಲ ಕೇಂದ್ರಕ್ಕೆ ಬರುವುದಿಲ್ಲ.

ಎರಡನೆಯ ಸಲ ಏಕೆ ಎಂಬುದನ್ನು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಮೊದಲ ಲಸಿಕೆ 9ರಿಂದ 12 ತಿಂಗಳ ಒಳಗೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ತಾಯಿಯ ಮೈಯಿಂದ ಬಂದ ರಕ್ಷಣೆಯು ಕೂಸಿನಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ಅದು ಹೊರಗಿನ ದಡಾರವನ್ನು ತಡೆಯುವಂತೆಯೇ ಲಸಿಕೆಯ ವೈರಸ್ಸನ್ನೂ ತಡೆದುಬಿಡುತ್ತದೆ. ಆದ್ದರಿಂದ 9 ತಿಂಗಳಿಗೆ ಹಾಕಿದ ಲಸಿಕೆ 100 ಕೂಸುಗಳಲ್ಲಿ ಸುಮಾರು 85ರಲ್ಲಿ ಮಾತ್ರ ನಾಟುತ್ತದೆ. ಹಾಗಾದರೆ ತಡವಾಗಿ ಹಾಕಬಾರದೇಕೆ? ತಾಯಿಯ ರಕ್ಷಣೆ ಕರಗಿದ ಕೂಸು ಆ ತನಕ ಬರಿಮೈಯಲ್ಲಿರುತ್ತದೆ, ದಡಾರವು ಅತಿ ಹೆಚ್ಚು ಕೊಲ್ಲುವುದೂ ಚಿಕ್ಕ ಮಕ್ಕಳನ್ನೇ. ಬೇಗ ಹಾಕುವುದಕ್ಕೂ ಚೆನ್ನಾಗಿ ನಾಟುವುದಕ್ಕೂ ನಡುವೆ ಮಾಡಿಕೊಂಡ ಒಪ್ಪಂದವೇ ಎರಡು ಸಲದ ಕ್ರಮ. ಎರಡೂ ಆದ ಮೇಲೆ 100ರಲ್ಲಿ ಸುಮಾರು 97 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಎರಡನೆಯದು ‘ಹೆಚ್ಚಿನ ಬಲಕ್ಕೆ’ ಎಂದು ಹೇಳುವ ರೂಢಿಯಿದೆ; ದಡಾರದ ಮಟ್ಟಿಗೆ ಅದು ಅಷ್ಟು ಸರಿಯಲ್ಲ, ಮೊದಲನೆಯದು ನಾಟದ ಮಕ್ಕಳಿಗಾಗಿಯೇ ಅದು ಮುಖ್ಯವಾಗಿ ಇರುವುದು.

ಗಣಿತದ ಅವಧಿಯನ್ನು ಇಲ್ಲಿ ಸೇರಿಸಿಕೊಳ್ಳಬಹುದು. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ದಡಾರದ ಒಬ್ಬ ರೋಗಿ 12ರಿಂದ 18 ಮಂದಿಗೆ ರೋಗವನ್ನು ಹಂಚುತ್ತಾನೆಂಬುದು ಬಹುಕಾಲದಿಂದ ಒಪ್ಪಿದ ಅಂದಾಜು. ಲೆಕ್ಕಕ್ಕೆ 15 ಎಂದಿಟ್ಟುಕೊಳ್ಳೋಣ. ಒಬ್ಬನಿಂದ 15, ಅವರಿಂದ 225. ಒಂದೊಂದು ಹೆಜ್ಜೆಗೆ ಎರಡು ವಾರದಷ್ಟು ಕಾಲ. ಮೈದಾನದಲ್ಲಿ ಹುಣಸೆ ಬೀಜಗಳನ್ನು ಗುಂಪಾಗಿ ಇಟ್ಟು ಇದನ್ನು ತೋರಿಸಬಹುದು. ಮೂರನೆಯ ಹೆಜ್ಜೆಗೆ 3,375 ಬೀಜ ಬೇಕಾಗಿ ಚೀಲ ಬರಿದಾಗುವುದೇ ಒಂದು ಪಾಠ. ಈಗ ರೋಗಿಯ ಸುತ್ತಲಿನ 15 ಮಂದಿಯಲ್ಲಿ 14 ಮಂದಿಗೆ ರಕ್ಷಣೆಯಿದ್ದರೆ ರೋಗ ಒಬ್ಬನಿಗೆ ಮಾತ್ರ ದಾಟುತ್ತದೆ, ಅವನಿಂದ ಮತ್ತೊಬ್ಬನಿಗೆ. ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಆ ಭಾಗವು ಹದಿನೈದರಲ್ಲಿ ಹದಿನಾಲ್ಕು, ಅಂದರೆ ಶೇಕಡಾ 93ಕ್ಕೂ ತುಸು ಮೇಲು. ರೋಗ ತಾನೇ ನಂದಿಹೋಗಬೇಕಾದರೆ ಅದಕ್ಕಿಂತ ಹೆಚ್ಚು ಮಂದಿಗೆ ರಕ್ಷಣೆ ಇರಬೇಕು. ಆರೋಗ್ಯ ಇಲಾಖೆಯವರು ಶೇಕಡಾ 95 ಎಂದು ಪಟ್ಟುಹಿಡಿಯುವುದು ಏಕೆಂಬುದು ಏಳನೆಯ ತರಗತಿಯ ಅಪೂರ್ಣಾಂಕದಿಂದಲೇ ಹೊರಬರುತ್ತದೆ. ಒಂಬತ್ತು ತಿಂಗಳು ತುಂಬದ ಕೂಸಿಗೂ, ರಕ್ತದ ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವ ಮಗುವಿಗೂ ಈ ಲಸಿಕೆ ಹಾಕಲಾಗದು. ಅವರನ್ನು ಕಾಯುವುದು ಸುತ್ತಲಿನವರ ಲಸಿಕೆ.

ಇದೇ ಆಟವನ್ನು ಮಕ್ಕಳನ್ನು ನಿಲ್ಲಿಸಿಯೂ ಆಡಿಸಬಹುದು. ಬಣ್ಣದ ಚೀಟಿ ಎತ್ತಿ, ನೀಲಿ ಬಂದವರಿಗೆ ರಕ್ಷಣೆಯಿದೆ, ಬಿಳಿ ಬಂದವರಿಗೆ ಇಲ್ಲ ಎಂದು ಮಾಡಿ, ಮೊದಲು ಅರ್ಧ ನೀಲಿ, ಆಮೇಲೆ 40ರಲ್ಲಿ 38 ನೀಲಿ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಚೀಟಿಯಿಂದಲೇ ಆಡಿಸಬೇಕು ಎಂಬುದನ್ನು ಮರೆಯಬಾರದು. ‘ಲಸಿಕೆ ಹಾಕಿಸಿಕೊಳ್ಳದವರು ಕೈಯೆತ್ತಿ’ ಎಂದು ತರಗತಿಯಲ್ಲಿ ಕೇಳುವುದು ತರವಲ್ಲ. ಎರಡು ವರ್ಷದವನಿದ್ದಾಗ ತನ್ನನ್ನು ಕೇಂದ್ರಕ್ಕೆ ಒಯ್ಯದಿದ್ದುದಕ್ಕೆ ಮಗು ಹೊಣೆಯಲ್ಲ. ಕೈಯೆತ್ತಿದ ಮಗು ಮರುದಿನದಿಂದ ಬೆಂಚಿನ ಕೊನೆಗೆ ಸರಿಯುತ್ತದೆ.

ಈ ಲೆಕ್ಕವು ಎಲ್ಲ ರೋಗಗಳಿಗೂ ಸಲ್ಲುವುದಿಲ್ಲ ಎಂಬುದನ್ನು ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಹೇಳಬೇಕು. ಧನುರ್ವಾಯುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ, ಗಾಯದಿಂದ ಒಳಹೊಗುತ್ತವೆ, ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಿದ್ದರೂ ಹಾಕಿಸಿಕೊಳ್ಳದ ಒಬ್ಬನಿಗೆ ಅದರಿಂದ ರಕ್ಷಣೆಯಿಲ್ಲ. 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆಯು ಧನುರ್ವಾಯು ಮತ್ತು ಗಂಟಲಮಾರಿ ಎರಡಕ್ಕೂ ಸೇರಿದ್ದು. ಮರಾಠಿಯಲ್ಲಿ ‘ಘಟಸರ್ಪ’ ಎನ್ನಿಸಿಕೊಳ್ಳುವ ಗಂಟಲಮಾರಿ ಒಬ್ಬರಿಂದೊಬ್ಬರಿಗೆ ಹರಡುವ ರೋಗ. ಒಂದೇ ಸೂಜಿಯ ಎರಡು ಕೆಲಸಗಳಲ್ಲಿ ನೆರೆಯವರಿಗೂ ಸಲ್ಲುವುದು ಯಾವುದು, ತನಗೆ ಮಾತ್ರ ಸಲ್ಲುವುದು ಯಾವುದು ಎಂಬ ಪ್ರಶ್ನೆಯು ಹರಡುವಿಕೆಯ ಪಾಠ ಅರ್ಥವಾಗಿದೆಯೇ ಎಂದು ನೋಡಲು ಬಾಯಿಪಾಠದ ಹತ್ತು ಪ್ರಶ್ನೆಗಳಿಗಿಂತ ಮೇಲು.

ಶೇಕಡಾವಾರು ಲೆಕ್ಕ ಬಲ್ಲ ಮೇಲಿನ ತರಗತಿಗಳಿಗೆ ಇನ್ನೊಂದು ಸಮಸ್ಯೆಯನ್ನು ಕೊಡಬೇಕು. ಒಂದು ಶಾಲೆಯಲ್ಲಿ 100 ಮಕ್ಕಳು. 95 ಮಂದಿಗೆ ಎರಡೂ ಲಸಿಕೆ ಆಗಿದೆ, 5 ಮಂದಿಗೆ ಒಂದೂ ಆಗಿಲ್ಲ. ಲಸಿಕೆ ನಾಟದೆ ಉಳಿದವರು ಆ 95ರಲ್ಲಿ ಸುಮಾರು 3. ದಡಾರ ಬಂದು ರಕ್ಷಣೆಯಿಲ್ಲದವರೆಲ್ಲರಿಗೂ ತಗಲಿತೆಂದು ಭಾವಿಸಿದರೆ ರೋಗಿಗಳು 8. ಅವರಲ್ಲಿ 3 ಮಂದಿ ಲಸಿಕೆ ಆದವರು. ‘ಬಂದ ಎಂಟರಲ್ಲಿ ಮೂವರಿಗೆ ಲಸಿಕೆ ಆಗಿತ್ತಂತೆ, ಮತ್ತೇನು ಉಪಯೋಗ?’ ಎಂಬ ಮಾತು ಸಂತೆಯಲ್ಲಿ ಹುಟ್ಟುವುದು ಇಲ್ಲಿಯೇ. ಉತ್ತರವು ಭಾಗಿಸುವ ಸಂಖ್ಯೆಯಲ್ಲಿದೆ. ಲಸಿಕೆ ಆಗದ 5ರಲ್ಲಿ 5, ಆದ 95ರಲ್ಲಿ 3. ಮೊಬೈಲಿನಲ್ಲಿ ಬರುವ ವದಂತಿಗಳನ್ನು ಅಳೆಯುವುದಕ್ಕೆ ಈ ಒಂದು ಲೆಕ್ಕ ವಿದ್ಯಾರ್ಥಿಯ ಕೈಗೆ ಸಿಕ್ಕರೆ ಸಾಕಾಗುತ್ತದೆ.

ಲಸಿಕೆಯ ಚರಿತ್ರೆಗೆ ಹೆಚ್ಚು ಹೊತ್ತು ಬೇಡ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮೊದಲ ಲಸಿಕೆ ಹಾಕಿದ ಆರೇ ವರ್ಷಗಳಲ್ಲಿ, 1802ರ ಜೂನ್ ತಿಂಗಳಿನಲ್ಲಿ, ಅದು ಮುಂಬಯಿಗೆ ಬಂತು. ಭಾರತದಲ್ಲಿ ಮೊದಲ ಲಸಿಕೆ ಪಡೆದವಳು ಅಲ್ಲಿನ ಮೂರು ವರ್ಷದ ಒಂದು ಹುಡುಗಿ. ಆ ಲಸಿಕೆಗೆ ಮರಾಠಿಯಲ್ಲಿ ‘ದೇವಿ ಟೋಚಣೆ’ ಎಂದೇ ಹೆಸರಾಯಿತು; ದೇವಿಯ ಹೆಸರು ರೋಗಕ್ಕೂ ಅದರ ತಡೆಗೂ ಸಂದಿತು. ಭಾರತದಲ್ಲಿ ಸಿಡುಬು ಕೊನೆಗೊಂಡುದು 1975ರಲ್ಲಿ. ಲೋಕದಿಂದಲೇ ಅಳಿಯಿತೆಂದು ಸಾರಿದುದು 1980ರಲ್ಲಿ. ಅಜ್ಜ ಅಜ್ಜಿಯರ ತೋಳಿನ ಮೇಲಿನ ಹಳೆಯ ಗುರುತನ್ನು ನೋಡಿಬರಲು ಮಕ್ಕಳಿಗೆ ಹೇಳಿದರೆ ಈ ಚರಿತ್ರೆ ಮನೆಯಲ್ಲಿಯೇ ಸಿಗುತ್ತದೆ. ಮಕ್ಕಳ ತೋಳಿನಲ್ಲಿರುವುದು ಕ್ಷಯದ ವಿರುದ್ಧದ ಬಿ.ಸಿ.ಜಿ. ಗುರುತು ಮಾತ್ರ. ಸಿಡುಬಿನ ಗುರುತು ಅವರಲ್ಲಿ ಏಕಿಲ್ಲ ಎಂದು ಕೇಳಿದ ಮನೆಯಲ್ಲಿ ಅಜ್ಜಿಯೇ ಉಳಿದುದನ್ನು ಹೇಳುತ್ತಾಳೆ.

ಶಾಲೆಯಲ್ಲಿಯೇ ಲಸಿಕೆ ಹಾಕುವ ದಿನ ಶಿಕ್ಷಕರು ಕೆಲವು ಎಚ್ಚರಗಳನ್ನು ವಹಿಸಬೇಕಾಗುತ್ತದೆ. 2018ರ ಕೊನೆಯಲ್ಲಿ ಮಹಾರಾಷ್ಟ್ರದಲ್ಲಿ 9 ತಿಂಗಳಿನಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಎಂ.ಆರ್. ಲಸಿಕೆ ಹಾಕುವ ಅಭಿಯಾನ ಶಾಲೆಗಳಿಂದಲೇ ಆರಂಭವಾಗಿತ್ತು. ಇಂಥ ದಿನಗಳಲ್ಲಿ ಸೂಜಿಯ ಭಯದಿಂದಲೇ ಮಕ್ಕಳು ತಲೆ ತಿರುಗಿ ಬೀಳುವುದುಂಟು. ಒಬ್ಬರು ಬಿದ್ದುದನ್ನು ಕಂಡು ಸಾಲಿನಲ್ಲಿದ್ದ ಇನ್ನಿಬ್ಬರು ಬೀಳುತ್ತಾರೆ. ಬೆಳಿಗ್ಗೆ ಉಂಡು ಬರುವಂತೆ ಹಿಂದಿನ ದಿನವೇ ಹೇಳುವುದು, ಸೂಜಿ ಹಾಕುವ ಕೋಣೆ ಸಾಲಿಗೆ ಕಾಣದಂತೆ ನೋಡಿಕೊಳ್ಳುವುದು, ಕುಳಿತಲ್ಲೇ ಹಾಕಿಸುವುದು, ಆಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದು, ಇಷ್ಟಾದರೆ ಬಹಳ ಗಲಿಬಿಲಿ ತಪ್ಪುತ್ತದೆ.

2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಗೋವಂಡಿ ಮೊದಲಾದ ಕಡೆ ದಡಾರ ಹಬ್ಬಿ ಮಕ್ಕಳು ಸತ್ತಾಗ, ಲಸಿಕೆ ತಪ್ಪಿದ ಮಕ್ಕಳೇ ಅದಕ್ಕೆ ಹೆಚ್ಚಾಗಿ ತುತ್ತಾದರು. ಕೊರೊನಾ ಕಾಲದಲ್ಲಿ ಮಾಮೂಲಿ ಲಸಿಕೆಗಳು ಹಿಂದೆ ಬಿದ್ದಿದ್ದವು. ಗಡಿಭಾಗದ ಹಳ್ಳಿಗಳಲ್ಲಿ ಲಸಿಕೆ ತಪ್ಪುವ ಕಾರಣ ಬೇರೆ. ಜತ್ತದಂಥ ಬರದ ತಾಲೂಕುಗಳಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಊರು ಬಿಟ್ಟು, ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಮರಳುತ್ತವೆ. ಆ ಐದಾರು ತಿಂಗಳೊಳಗೆ ಕೂಸಿಗೆ ಒಂಬತ್ತು ತಿಂಗಳು ತುಂಬುತ್ತದೆ, ಇಲ್ಲವೆ ಒಂದೂವರೆ ವರ್ಷ ದಾಟುತ್ತದೆ. ಕಾರ್ಡು ಊರಿನ ಮನೆಯ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಈ ಲಸಿಕೆಯನ್ನು ದೇಶದ ಯಾವ ಸರಕಾರಿ ಆರೋಗ್ಯ ಕೇಂದ್ರದಲ್ಲಿಯೂ ದುಡ್ಡಿಲ್ಲದೆ ಹಾಕಿಸಬಹುದು, ಗಡಿ ದಾಟಿ ಕರ್ನಾಟಕದ ಕಾರ್ಖಾನೆಯ ಬಳಿ ಬಿಡಾರ ಹೂಡಿದ್ದರೂ ಸರಿ. ತಪ್ಪಿಹೋದುದನ್ನು ಐದು ವರ್ಷ ತುಂಬುವವರೆಗೆ ಹಾಕಿಸಲು ಅವಕಾಶವಿದೆ. ಹೊರಡುವ ಮುನ್ನ ಕಾರ್ಡನ್ನು ಜೊತೆಗೆ ಒಯ್ಯುವಂತೆ ಮನೆಯಲ್ಲಿ ಹೇಳಲು ಅಕ್ಕ ಅಣ್ಣಂದಿರಾದ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಪಾಠದ ಕೊನೆಯ ಅವಧಿಯಲ್ಲಿ ಖಾಲಿ ಕಾರ್ಡೊಂದನ್ನು ಆರೋಗ್ಯ ಕೇಂದ್ರದಿಂದ ತರಿಸಿ, ಅದರಲ್ಲಿ ಮರಾಠಿಯಲ್ಲಿರುವ ಮನೆಗಳನ್ನು ಕನ್ನಡದಲ್ಲಿ ಓದಿಸಿ, ಎಂ.ಆರ್. ಎಂಬ ಎರಡು ಸಾಲುಗಳು ಎಲ್ಲಿವೆಯೆಂದು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಬೆರಳಿಟ್ಟು ತೋರಿಸಿಸಬಹುದು.